ಕ್ಲಿಫರ್ಡನ ಕೇಕು, ಮೇವಿಸಳ ಆರು ಭಾನುವಾರ

ಥಾರ್ನ್‌ಬೆಕ್ಕಿನ ಕ್ಲಿಫರ್ಡನಿಗೆ ಟೀವಿ ನೋಡುವುದೆಂದರೆ ಮನರಂಜನೆಯಲ್ಲ, ಉದ್ಯೋಗ. ಮೂವತ್ತೆಂಟು ವರ್ಷ ಇಂಗ್ಲೆಂಡಿನ ಯಾರ್ಕ್‌ಷೈರಿನ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದ ಜೀವ ಅದು. ನಿವೃತ್ತಿಯಾದ ಮೇಲೆ ತಪ್ಪು ಹಿಡಿಯುವ ಚಟ ಎಲ್ಲಿಗೆ ಹೋಗಬೇಕು? ಸೋಫಾದಲ್ಲೇ ಠಿಕಾಣಿ ಹೂಡಿತು. ಹಾಸ್ಯ ಕಾರ್ಯಕ್ರಮದಲ್ಲಿ ಜನ ಬಿದ್ದು ಬಿದ್ದು ನಗುತ್ತಿದ್ದರೆ ಇವನು, "ಈ ಜೋಕು ನಾನು ಡಿಪೋದಲ್ಲಿ ಎಪ್ಪತ್ಮೂರನೇ ಇಸವೀಲೇ ಹೇಳಿದ್ದೆ" ಎನ್ನುವನು. ಆಮೇಲೆ ಟೀವಿ ವಾರಪತ್ರಿಕೆಯ ವೀಕ್ಷಕರ ಪುಟಕ್ಕೆ ಒಂದು ಸುದೀರ್ಘ ಪತ್ರ. ಹನ್ನೊಂದು ವರ್ಷದಲ್ಲಿ ನಾನೂರ ಆರು ಪತ್ರ ಬರೆದಿದ್ದ. ಅಚ್ಚಾದದ್ದು ಒಂದು. (ಅದರಲ್ಲೂ ಅವನ ಹೆಸರು ಕ್ಲಾರಾ ಎಂದು ಬಿದ್ದಿತ್ತು.)

ಇದನ್ನೆಲ್ಲ ಅವನ ಹೆಂಡತಿ ಮೇವಿಸ್ ಸಹಿಸಿಕೊಂಡಿದ್ದಳು. ಸಹಿಸಲಾಗದ್ದು ಒಂದೇ, ಭಾನುವಾರದ ಕೊಲೆ ಧಾರಾವಾಹಿ. ಶವ ಸಿಕ್ಕ ಗಳಿಗೆಯಿಂದ ಕ್ಲಿಫರ್ಡನ ತನಿಖೆ ಶುರುವಾಗುತ್ತಿತ್ತು. ಅವನ ಊಹೆ ಈವರೆಗೆ ತಪ್ಪಿದ್ದಿಲ್ಲ. ಧಾರಾವಾಹಿಯಲ್ಲಿದ್ದ ಅಷ್ಟೂ ಜನರನ್ನು ಒಬ್ಬೊಬ್ಬರಾಗಿ ಕೊಲೆಗಾರರೆಂದು ಸಾರಿಬಿಟ್ಟರೆ ತಪ್ಪುವುದಾದರೂ ಹೇಗೆ?

ಜುಲೈ ತಿಂಗಳ ಆ ಭಾನುವಾರ ಕೊನೆಯ ಕಂತು. ಇನ್‌ಸ್ಪೆಕ್ಟರು ಎಲ್ಲರನ್ನೂ ಕೂಡಿಸಿ, ಇನ್ನೇನು ಬೆರಳು ತೋರಿಸಬೇಕು, ಕ್ಲಿಫರ್ಡ್ ಬಾಯಿ ಹಾಕಿದ. ಅವನ ಭಾಷಣ ಮುಗಿಯುವಷ್ಟರಲ್ಲಿ ನಟರ ಹೆಸರುಗಳು ಉರುಳುತ್ತಿದ್ದವು. ಮೇವಿಸ್ ಹೆಣಿಗೆ ಕೆಳಗಿಟ್ಟಳು.

"ಯಾರು ಅಂದ್ರು?"

"ನಾನು ಮೊದ್ಲೇ ಹೇಳ್ಲಿಲ್ವಾ, ಡಾಕ್ಟ್ರು."

"ನೀನು ಪಾದ್ರಿ ಅಂದೆ, ತೋಟದವನು ಅಂದೆ, ಸತ್ತೋದವಳ ಹೆಸರೂ ಹೇಳ್ದೆ. ಆರು ವಾರ ಕಾದಿದ್ದೀನಿ ಕಣೋ. ಕೊಂದಿದ್ದು ಯಾರು ಅಂತ ನಂಗೆ ಕೇಳಿಸ್ಲೇ ಇಲ್ಲ."

ಅವಳ ದನಿ ನಡುಗಿದ್ದು ಕ್ಲಿಫರ್ಡನ ಕಿವಿಗೆ ಬೀಳಲಿಲ್ಲ. ಅಷ್ಟರಲ್ಲಿ ಟೀವಿಯಲ್ಲಿ ಕೇಕ್ ಸ್ಪರ್ಧೆ ಶುರುವಾಗಿತ್ತು. "ಸ್ಪಂಜ್ ಕೇಕಾ ಅದು? ನಮ್ಮ ಬಸ್ಸಿನ ಸೀಟು ಅದಕ್ಕಿಂತ ಮೆತ್ತಗಿತ್ತು. ಇದಕ್ಕೆಲ್ಲ ಅಳ್ತಾರಲ್ಲ ಇವ್ರು. ನನ್ನ ಕೈಗೆ ಕೊಟ್ಟಿದ್ರೆ..."

"ಕೊಟ್ಟೆ ಅಂತಿಟ್ಕೋ" ಎಂದ ಮೇವಿಸ್ ಎದ್ದು ಹೋಗಿ ಕೇಕಿಗೂ ಬಹುಮಾನ ಕೊಡುವ ಊರ ಫಲಪುಷ್ಪ ಪ್ರದರ್ಶನದ ನಿಯಮ ಪುಸ್ತಕ ತಂದು ಅವನ ತೊಡೆಯ ಮೇಲೆ ಹಾಕಿದಳು. "ನಲವತ್ಮೂರನೇ ವಿಭಾಗ. ವಿಕ್ಟೋರಿಯಾ ಕೇಕು, ಗಂಡಸರಿಗೆ ಮಾತ್ರ. ಮೂರರಲ್ಲಿ ಯಾವ ಬಹುಮಾನ ಬಂದ್ರೂ ಸರಿ, ಜೀವಮಾನ ಪೂರ್ತಿ ಮಾತಾಡು. ನಾನೇ ಹೂಂ ಹೂಂ ಅಂತೀನಿ. ಬರ್ಲಿಲ್ವೋ, ಸೆಪ್ಟೆಂಬರಿನ ಹೊಸ ಧಾರಾವಾಹಿಗೆ ಆರು ಭಾನುವಾರ ಬಾಯಿಗೆ ಬೀಗ. ಶೀರ್ಷಿಕೆ ಸಂಗೀತದಿಂದ ಕೊನೇ ಹೆಸರಿನ ತನಕ."

"ಆಗ್ಲಿ ಬಿಡು. ಇದೇನು ಮಹಾ" ಎಂದು ಕ್ಲಿಫರ್ಡ್ ಕೈ ಕುಲುಕಿದ. ನಿಯಮ ಪುಸ್ತಕವನ್ನು ತೆರೆಯದೆ ಟೀ ಲೋಟದ ಕೆಳಗಿಟ್ಟುಕೊಂಡ.

ಮೊದಲ ಕೇಕು ಉಬ್ಬಲಿಲ್ಲ. ಎರಡನೆಯದು ಉಬ್ಬಿ, ಇವನ ಮುಖ ನೋಡಿ ಕುಸಿಯಿತು. ಮೂರನೆಯದನ್ನು ಪಕ್ಕದ ಮನೆಯ ನಾಯಿಗೆ ಹಾಕಿದ. ನಾಯಿ ಮೂಸಿ ನೋಡಿ, ಹೂವಿನ ಪಾತಿಯಲ್ಲಿ ಗುಂಡಿ ತೋಡಿ ಹೂತಿಟ್ಟಿತು. ನಾಲ್ಕನೆಯದು ಒಂದು ಕಡೆ ವಾಲಿಕೊಂಡಿದ್ದರೂ ಕೇಕಿನ ಜಾತಿಗೆ ಸೇರಿದ್ದೆಂದು ಹೇಳಬಹುದಿತ್ತು. ಅದನ್ನು ಮುಂದಿಟ್ಟುಕೊಂಡು ಕ್ಲಿಫರ್ಡ್ ಮೊದಲ ಬಾರಿಗೆ ಆ ಸ್ಪರ್ಧಿಗಳು ಅಳುವುದೇಕೆಂದು ಅರ್ಥಮಾಡಿಕೊಂಡ. ಆರು ಭಾನುವಾರ ಸುಮ್ಮನಿರುವುದನ್ನು ನೆನೆದು ರಾತ್ರಿಯೆಲ್ಲ ನಿದ್ದೆಗೆಟ್ಟ.

ಪ್ರದರ್ಶನದ ಶನಿವಾರ ಬೆಳಿಗ್ಗೆ ಮೇವಿಸ್ ತನ್ನ ಕೇಕು ಎತ್ತಿಕೊಂಡು ಮುಂಚೆಯೇ ಡೇರೆಗೆ ಹೋದಳು. ಅವಳು ಯಾವಾಗಲೂ ಎರಡು ಮಾಡುತ್ತಿದ್ದಳು. ಚೆನ್ನಾಗಿ ಬಂದದ್ದು ಸ್ಪರ್ಧೆಗೆ, ಇನ್ನೊಂದು ಮನೆಗೆ. ಆ ಇನ್ನೊಂದು ಉಗ್ರಾಣದ ಹಲಗೆಯ ಮೇಲೆ ಹೊಂಬಣ್ಣಕ್ಕೆ ತಿರುಗಿ ಕೂತಿತ್ತು. ಎರಡು ಬಿಲ್ಲೆ ಸ್ಪಂಜು, ನಡುವೆ ರಾಸ್ಪ್‌ಬೆರಿ ಜಾಮು, ಮೇಲೆ ಚಿಟಿಕೆ ಸಕ್ಕರೆ. ಕ್ಲಿಫರ್ಡ್ ಕಿಟಕಿಯಿಂದ ಆಚೆ ನೋಡಿದ, ಈಚೆ ನೋಡಿದ. (ಟಿಕೆಟಿಲ್ಲದೆ ಬಸ್ಸು ಹತ್ತಿದವರು ಹೀಗೆಯೇ ನೋಡುತ್ತಾರೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?) ತನ್ನ ಸೊಟ್ಟ ಕೇಕನ್ನು ಹಲಗೆಗೆ, ಅವಳದ್ದನ್ನು ತನ್ನ ತಟ್ಟೆಗೆ ವರ್ಗಾಯಿಸಿದ.

ಅಲ್ಲಿಗೆ ನಿಲ್ಲಿಸಿದ್ದರೆ ಗೆದ್ದಿರುತ್ತಿದ್ದ. ಆದರೆ ಅದು ಬೋಳು ಬೋಳಾಗಿ ಕಂಡಿತು. ಟೀವಿಯಲ್ಲಿ ಹೀಗಿದ್ದರೆ ಮೊದಲ ಸುತ್ತಿನಲ್ಲೇ ಮನೆಗೆ ಕಳಿಸುತ್ತಾರೆ. ಹನ್ನೊಂದು ವರ್ಷದ ವೀಕ್ಷಣಾ ತಪಸ್ಸೆಲ್ಲ ಒಟ್ಟಿಗೆ ಎಚ್ಚರವಾಗಿ, ಕ್ಲಿಫರ್ಡ್ ಮೇಲಿನ ಬಿಲ್ಲೆ ಎತ್ತಿ, ನಡುವೆ ಎರಡು ಬೆರಳು ದಪ್ಪ ಕೆನೆ ಬಳಿದು, ಮೇಲೆ ಸ್ಟ್ರಾಬೆರಿಯ ಕಿರೀಟ ಕಟ್ಟಿದ.

ಮಧ್ಯಾಹ್ನ ಎರಡಕ್ಕೆ ತೀರ್ಪುಗಾರರು ಹೊರಬಂದ ಮೇಲೆ ಡೇರೆ ತೆರೆಯಿತು. ನಲವತ್ಮೂರನೇ ಮೇಜಿನ ಮೇಲೆ ಇದ್ದದ್ದೇ ಮೂರು ಕೇಕು. ಊರ ಪಾದ್ರಿಯದಕ್ಕೆ ಮೊದಲನೆಯ ಬಹುಮಾನ. ಅಂಚೆಯವನದು ಇಟ್ಟಿಗೆಯ ಬಣ್ಣಕ್ಕಿತ್ತು, ಅದಕ್ಕೆ ಎರಡನೆಯದು. ಕ್ಲಿಫರ್ಡನ ತಟ್ಟೆಯ ಮುಂದೆ ತೀರ್ಪುಗಾರ್ತಿ ಮಿಸೆಸ್ ಪಿಲ್ಲಿಂಗರ ಮುತ್ತಿನಂಥ ಅಕ್ಷರದ ಚೀಟಿ: "ಸ್ಪಂಜು ಅತ್ಯುತ್ತಮ. ಕೆನೆ, ಹಣ್ಣು ನಿಷಿದ್ಧ. ನಿಯಮದಂತಿಲ್ಲ. ಮೂರನೆಯ ಬಹುಮಾನ ಕೊಟ್ಟಿಲ್ಲ."

ಪಕ್ಕದಲ್ಲಿ ಮೇವಿಸ್ ಬಂದು ನಿಂತಳು. ಹೆಂಗಸರ ವಿಭಾಗದ ಮೊದಲ ಬಹುಮಾನದ ಕೆಂಪು ಚೀಟಿ ಎಂದಿನಂತೆ ಅವಳ ಕೈಯಲ್ಲಿತ್ತು. ಬಗ್ಗಿ ಗಂಡನ ಕೇಕಿನ ಬದಿಯನ್ನು ನೋಡಿದಳು, ಚೀಟಿಯನ್ನು ಎರಡು ಸಲ ಓದಿದಳು.

"ಸ್ಪಂಜು ಅತ್ಯುತ್ತಮ ಅಂತೆ. ಹೊಗಳಿಕೆ ನಂಗೇ ಬಂತು ಅಂತಿಟ್ಕೋತೀನಿ."

"ಅದು... ಮೇವಿಸ್..."

"ಇದ್ದದ್ದೇ ಮೂರು ಜನ ಕಣೋ. ನಿನ್ನ ಸೊಟ್ಟ ಕೇಕನ್ನೇ ತಂದಿಟ್ಟಿದ್ರೂ ಮೂರನೇದು ಕಟ್ಟಿಟ್ಟ ಬುತ್ತಿಯಾಗಿತ್ತು."

ಕ್ಲಿಫರ್ಡ್ ಕಿರೀಟದಿಂದ ದೊಡ್ಡದೊಂದು ಸ್ಟ್ರಾಬೆರಿ ಕಿತ್ತು ಬಾಯಿಗೆ ತುಂಬಿಕೊಂಡ. ಅದು ಬರಲಿದ್ದ ಆರು ಭಾನುವಾರಕ್ಕೆ ಒಳ್ಳೆಯ ಅಭ್ಯಾಸವೇ ಆಯಿತು.

ಸೆಪ್ಟೆಂಬರ್ ಬಂತು. ಮೊದಲ ಭಾನುವಾರ ಅವನು ಕುರ್ಚಿಯ ಕೈ ಹಿಡಿದು ಕೂತ. ಎರಡನೆಯ ಭಾನುವಾರ ಬಿಸ್ಕತ್ತು ಬಾಯಿಗೆ ತುರುಕಿಕೊಂಡ. ಹೊಸ ಧಾರಾವಾಹಿಯ ಕೊಲೆಗಾರ ಪಾದ್ರಿಯೇ ಎಂಬುದು ಅವನಿಗೆ ಅಂಗೈ ನೆಲ್ಲಿಯಷ್ಟು ಸ್ಪಷ್ಟವಾಗಿದ್ದರೂ ಹೇಳುವಂತಿಲ್ಲ. ಮೇವಿಸ್ ಮಾತ್ರ ಹೆಣಿಗೆಯನ್ನೂ ಮರೆತು ನೋಡುತ್ತಿದ್ದಳು. ಅವಳ ಮುಖ ಅಷ್ಟು ಹಗುರವಾಗಿದ್ದನ್ನು ಅವನು ಬಹಳ ಕಾಲದಿಂದ ಗಮನಿಸಿರಲಿಲ್ಲ. ಮನಸ್ಸಿಗೆ ಸ್ವಲ್ಪ ನಾಚಿಕೆಯೂ ಆಯಿತು.

ಆರನೆಯ ಭಾನುವಾರ, ಕೊನೆಯ ಕಂತಿಗೆ ಎರಡು ನಿಮಿಷವಿರುವಾಗ, ಮೇವಿಸ್ ಹೊಸ ವಾರಪತ್ರಿಕೆಯನ್ನು ವೀಕ್ಷಕರ ಪುಟಕ್ಕೆ ಮಡಚಿ ಅವನ ಕೈಗಿಟ್ಟಳು. ಪುಟದ ನೆತ್ತಿಯಲ್ಲಿ, ಚೌಕಟ್ಟಿನೊಳಗೆ, ವಾರದ ಅತ್ಯುತ್ತಮ ಪತ್ರ (ಬಹುಮಾನ ಒಂದು ರೇಡಿಯೋ):

"ಮಾನ್ಯರೇ, ನಾನು ಪತ್ರ ಬರೆಯುತ್ತಿರುವುದು ಇದೇ ಮೊದಲು. ನಿಮ್ಮ ನಟರು ಇಷ್ಟು ಚೆನ್ನಾಗಿ ಮಾತಾಡುತ್ತಾರೆಂದು ನಲವತ್ತೊಂದು ವರ್ಷದ ಸಂಸಾರದಲ್ಲಿ ನನಗೆ ಗೊತ್ತಿರಲಿಲ್ಲ. ಕಾರಣ, ನನ್ನ ಗಂಡ. ಈ ಸಲ ಒಂದು ಕೇಕಿನ ದಯೆಯಿಂದ ಎಲ್ಲ ಕೇಳಿಸುತ್ತಿದೆ. ಬಹುಮಾನದ ರೇಡಿಯೋ ನನಗೇ ಬಂದರೆ ಅವನ ತೋಟದ ಶೆಡ್ಡಿಗೆ ಕೊಡುವೆ. ಅದರೊಡನೆ ಅವನು ಎಷ್ಟು ಬೇಕಾದರೂ ವಾದಿಸಲಿ. ಮೇವಿಸ್, ಥಾರ್ನ್‌ಬೆಕ್."

ಹೆಸರಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ನಾನೂರ ಆರು ಪತ್ರಗಳ ಕರ್ತೃ ಅದನ್ನು ಮೂರು ಸಲ ಓದಿದ. ಕಿವಿ ಕೆಂಪಾದವು. ಇದರ ಬಗ್ಗೆ ಅವನಿಗೊಂದು ಅಭಿಪ್ರಾಯವಿತ್ತು, ಬಹಳ ದೊಡ್ಡ ಅಭಿಪ್ರಾಯ. ಹೇಳಲೆಂದು ಬಾಯಿ ತೆರೆದ.

ಶೀರ್ಷಿಕೆ ಸಂಗೀತ ಶುರುವಾಯಿತು. ಮೇವಿಸ್ ಟೀವಿಯಿಂದ ಕಣ್ಣು ತೆಗೆಯದೆ ಒಂದು ಬೆರಳೆತ್ತಿದಳು. ಕ್ಲಿಫರ್ಡ್ ಬಾಯಿ ಮುಚ್ಚಿಕೊಂಡ.