ಕಂಬ ತಪ್ಪಿದರೂ ಒಂದು

ಆಸ್ಟ್ರೇಲಿಯಾದ ಫುಟ್‌ಬಾಲ್ ಆಟಗಾರರ ಮನಃಶಾಂತಿಯ ಸಂಪೂರ್ಣ ಜವಾಬ್ದಾರಿ ರಾಮದುರ್ಗದ ನಮ್ಮ ಚಿಗವ್ವನ ಮೇಲಿದೆ. ಈ ಸಂಗತಿ ರಾಮದುರ್ಗಕ್ಕೆಲ್ಲ ಗೊತ್ತು, ಪಕ್ಕದ ಸುರೇಬಾನಕ್ಕೂ ಗೊತ್ತು, ಬೈಲಹೊಂಗಲದ ನನ್ನ ಝೆರಾಕ್ಸ್ ಅಂಗಡಿಗೆ ಬರುವ ಗಿರಾಕಿಗಳಿಗೂ ಗೊತ್ತು. ಗೊತ್ತಿಲ್ಲದವರೆಂದರೆ ಆ ಆಟಗಾರರು ಮಾತ್ರ!

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ಸಾಲಿಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಶನಿವಾರ ಬೆಳಿಗ್ಗೆ ಟಿವಿಯಲ್ಲಿ ಆ ಆಟ ಬರುವ ಹೊತ್ತಿಗೆ ಅವಳ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯುವಂತಿಲ್ಲ, ಬಾಗಿಲು ಕಿರುಗುಟ್ಟುವಂತಿಲ್ಲ, ಅವಳ ಗಂಡ, ಅಂದರೆ ನಮ್ಮ ಕಾಕಾ, ಸೀನುವಂತಿಲ್ಲ. ಒಮ್ಮೆ ಕಾಕಾ ಸೀನಿದರು, ಅದೇ ಗಳಿಗೆಗೆ ಅಲ್ಲಿ ಚೆಂಡು ಕಂಬಕ್ಕೆ ಬಡಿಯಿತು. ಚಿಗವ್ವ ಸೋಮವಾರದವರೆಗೆ ಗಂಡನೊಡನೆ ಮಾತು ಬಿಟ್ಟಳು. ಅಷ್ಟು ದೂರಕ್ಕೆ ಸೀನು ಕೇಳಿಸುತ್ತದೆಯೇ ಎಂದು ನೀವು ಕೇಳಬಹುದು. ಕಾಕಾ ಕೂಡ ಕೇಳಿದರು. ಅದಕ್ಕೇ ಆ ಮೌನ ಬುಧವಾರದವರೆಗೆ ಮುಂದುವರಿಯಿತು.

ಆಟದ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕ್ರಿಕೆಟ್ ಮೈದಾನದಷ್ಟು ಅಗಲದ ಬಯಲು, ತತ್ತಿಯ ಆಕಾರದ ಚೆಂಡು. ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಚೆಂಡು ಒದ್ದರೆ ಆರು ಅಂಕ. ಯಾರಾದರೂ ಹಾರಿ ಚೆಂಡು ಹಿಡಿದರೆ, ಅವನಿಗೆ ಯಾರ ಕಾಟವೂ ಇಲ್ಲದೆ ಗುರಿ ನೋಡಿ ಒದೆಯಲು ಅರ್ಧ ನಿಮಿಷ ಸಿಗುತ್ತದೆ. ಈ ಅರ್ಧ ನಿಮಿಷವೇ ಚಿಗವ್ವನ ಕಾರ್ಯಕ್ಷೇತ್ರ. ಸಾವಿರಾರು ಜನ ಕೂಗುತ್ತಿರುತ್ತಾರೆ, ಆ ಹುಡುಗ ಒಬ್ಬನೇ ನಿಂತಿರುತ್ತಾನೆ, ಅವನ ಎದೆ ಡವಡವ ಎನ್ನುತ್ತಿರುತ್ತದೆ. ಇತ್ತ ರಾಮದುರ್ಗದಲ್ಲಿ ಚಿಗವ್ವ ಕುರ್ಚಿಯ ತುದಿಗೆ ಬಂದು ಮೆಲ್ಲಗೆ ಹೇಳುತ್ತಾಳೆ:

"ಕಂಬ ನೋಡಬ್ಯಾಡೋ ತಮ್ಮಾ. ಗದ್ದ ಸಡಲ ಬಿಡು. ಭುಜ ಇಳಸು. ಉಸರು ಪೂರಾ ಹೊರಗ ಹೋಗಲಿ, ಆಮ್ಯಾಲ ಒದಿ."

ಟಿವಿಯ ಹುಡುಗ ಉಸಿರು ಬಿಡುತ್ತಾನೆ. ಬಿಡದೆ ಏನು ಮಾಡಿಯಾನು, ಬದುಕಿರುವವರೆಲ್ಲ ಬಿಡಲೇಬೇಕಲ್ಲ! ಚಿಗವ್ವ ಮಾತ್ರ ನಮ್ಮ ಕಡೆ ತಿರುಗಿ, ನೋಡಿದಿರಾ ಎಂಬಂತೆ ಹುಬ್ಬು ಏರಿಸುತ್ತಾಳೆ.

ಇವಳಿಗೆ ಈ ಹುಚ್ಚು ಹತ್ತಿದ್ದು ಕಣ್ಣಿನ ಪೊರೆ ತೆಗೆಸಿದ ಮೇಲೆ. ಓದಬೇಡಿ, ಆರಾಮಾಗಿ ಕೂತಿರಿ ಎಂದು ಡಾಕ್ಟರು ಹೇಳಿದ್ದರು. ಕಾಕಾ ಭಜನೆ ಹಾಕಲು ಹೋದರು, ರಿಮೋಟಿನ ಸೆಲ್ಲು ಸತ್ತಿತ್ತು, ಟಿವಿ ಈ ಆಟದ ಮೇಲೆ ಬಂದು ನಿಂತುಬಿಟ್ಟಿತು. ಕಂಬಗಳ ಬುಡದಲ್ಲಿ ಒಬ್ಬ ಪಂಚ, ಅಂದರೆ ಅಂಪೈರ್, ನಿಂತಿರುವುದನ್ನು ಅವಳು ಗಮನಿಸಿದಳು. ಚೆಂಡು ನಡುವೆ ಹೋದರೆ ಅವನು ಎರಡು ಬೆರಳು ತೋರಿಸಿ ಎರಡು ಬಾವುಟ ಬೀಸುತ್ತಾನೆ. ಗುರಿ ತಪ್ಪಿ ಪಕ್ಕದ ಕಂಬದ ಕಡೆ ಹೋದರೆ ಒಂದು ಬೆರಳು ತೋರಿಸಿ ಒಂದೇ ಬಾವುಟ ಬೀಸುತ್ತಾನೆ. ಇದರ ಅರ್ಥವೇನು ಎಂದು ನನಗೆ ಫೋನು ಬಂತು. ನಾನು ಅಂಗಡಿಯ ಕಂಪ್ಯೂಟರಿನಲ್ಲಿ ಹುಡುಕಿ ಹೇಳಿದೆ, ಗುರಿ ತಪ್ಪಿದರೂ ಆ ಆಟದಲ್ಲಿ ಒಂದು ಅಂಕ ಕೊಡುತ್ತಾರಂತೆ ಎಂದು.

"ತಪ್ಪಿದ್ರೂ ಕೊಡ್ತಾರ? ಖರೇನಾ?" ಎಂದಳು. ಮರುದಿನ ಬೆಳಿಗ್ಗೆ ಮತ್ತೆ ಫೋನು ಮಾಡಿ ಅದನ್ನೇ ಕೇಳಿದಳು.

ಅವಳಿಗೆ ಅಷ್ಟು ಆಶ್ಚರ್ಯವೇಕೆ ಎಂದು ತಿಳಿಯಬೇಕಾದರೆ ಅವಳ ಹಿಂದಿನ ಹೆಸರು ನಿಮಗೆ ಗೊತ್ತಿರಬೇಕು. ಸಾಲಿಯಲ್ಲಿ ಅವಳನ್ನು ಹುಡುಗರು ಬೆನ್ನ ಹಿಂದೆ 'ಸೊನ್ನಿ ಅಕ್ಕೋರು' ಎನ್ನುತ್ತಿದ್ದರು. ಬೇರೆ ಮಾಸ್ತರರು ಲೆಕ್ಕದ ಒಂದೊಂದು ಹಂತಕ್ಕೂ ಅರ್ಧವೋ ಒಂದೋ ಮಾರ್ಕು ಉದುರಿಸುತ್ತಿದ್ದರು. ಇವಳ ಹತ್ತಿರ ಆ ವ್ಯವಹಾರವೇ ಇರಲಿಲ್ಲ. ಉತ್ತರ ತಪ್ಪಿದರೆ ಲೆಕ್ಕವೇ ತಪ್ಪು. ಕೆಂಪು ಶಾಯಿಯಲ್ಲಿ ಅವಳು ಹಾಕುತ್ತಿದ್ದ ಸೊನ್ನೆ ಎಷ್ಟು ಗುಂಡಗೆ, ಎಷ್ಟು ಚೆಂದ ಇರುತ್ತಿತ್ತೆಂದರೆ ಅಳುವ ಮೊದಲು ಒಂದು ಕ್ಷಣ ನೋಡುತ್ತ ಕೂರಬೇಕು ಅನಿಸುತ್ತಿತ್ತು. ಅನುಭವದ ಮಾತು ಹೇಳುತ್ತಿದ್ದೇನೆ.

ಹೌದು, ನನಗೂ ಬಿತ್ತು. ಚಿಗವ್ವನಿಗೆ ಮಕ್ಕಳಿಲ್ಲ. ಮೂರನೆಯ ಇಯತ್ತೆಯಿಂದ ನಾನು ರಾಮದುರ್ಗದಲ್ಲಿ ಅವಳ ಮನೆಯಲ್ಲೇ ಇದ್ದು ಸಾಲಿ ಕಲಿತವನು. ಅವಳೇ ತಲೆ ಬಾಚಿ, ಬುತ್ತಿ ಕಟ್ಟಿ, ಕೈಹಿಡಿದು ಕರೆದೊಯ್ಯುತ್ತಿದ್ದಳು. ಸಾಲಿಯ ಬಾಗಿಲಲ್ಲಿ ಕೈ ಬಿಟ್ಟಳೆಂದರೆ ಅಲ್ಲಿಂದ ಮುಂದೆ ಅಕ್ಕೋರು. ಏಳನೆಯ ಇಯತ್ತೆಯ ಪರೀಕ್ಷೆಯಲ್ಲಿ ಒಂದು ಲೆಕ್ಕ ಬಂತು. ಒಂದು ನಳ ತೊಟ್ಟಿಯನ್ನು ಆರು ತಾಸಿನಲ್ಲಿ ತುಂಬಿಸುತ್ತದೆ, ಇನ್ನೊಂದು ಮೂರು ತಾಸಿನಲ್ಲಿ, ಎರಡನ್ನೂ ಕೂಡಿಯೇ ಬಿಟ್ಟರೆ ಎಷ್ಟು ತಾಸು? ನಮ್ಮೂರ ನಳಗಳಿಗೆ ನೀರು ಬರುವ ರೀತಿ ನೋಡಿದವರಿಗೆ ಈ ಲೆಕ್ಕ ಹುಟ್ಟುವುದಾದರೂ ಹೇಗೆ, ದೇವರೇ ಬಲ್ಲ! ನಾನು ಆರನೇ ಒಂದು, ಮೂರನೇ ಒಂದು, ಎಲ್ಲ ಕೂಡಿಸಿ ಅರ್ಧ ಎಂದು ಸರಿಯಾಗಿಯೇ ತಂದೆ. ಅದನ್ನು ತಿರುವಿ ಹಾಕಿ ಎರಡು ತಾಸು ಎನ್ನಬೇಕಿತ್ತು. ಖುಷಿಯಲ್ಲಿ ಅರ್ಧ ತಾಸು ಎಂದು ಬರೆದು ಎದ್ದುಬಂದೆ.

ಸೊನ್ನೆ. ಇಡೀ ತರಗತಿಯ ಎದುರು ಪೇಪರು ಎತ್ತಿ ಹಿಡಿದು ತೋರಿಸಿದಳು. ಮನೆಗೆ ಬಂದು ನಾನು ಟ್ರಂಕು ತುಂಬಿ ಅವ್ವನ ಮನೆಗೆ ಹೊರಟೆ. ಕಾಕಾ ಬಸ್‌ಸ್ಟ್ಯಾಂಡಿನವರೆಗೆ ಬಂದರು, ಚಿಗವ್ವ ಬಾಗಿಲಲ್ಲಿ ನಿಂತಿದ್ದಳು, ಏನೂ ಅನ್ನಲಿಲ್ಲ. ಹನ್ನೆರಡು ವರ್ಷದವನ ಸಿಟ್ಟು ಎಷ್ಟು ದಿನ ಇದ್ದೀತು? ಮುಂದೆ ಹಬ್ಬಕ್ಕೆ ಹೋದೆ, ಸೀಕರಣೆ ಉಂಡೆ, ನಕ್ಕೆ, ಆದರೆ ಸಂಜೆಯ ಬಸ್ಸಿಗೆ ತಪ್ಪದೆ ವಾಪಸು ಬಂದೆ. ಆ ಮನೆಯಲ್ಲಿ ಮತ್ತೊಂದು ರಾತ್ರಿ ಉಳಿದವನಲ್ಲ. ಈ ಸೊನ್ನೆಯ ಕಥೆಯನ್ನು ಮದುವೆ ಮನೆಗಳಲ್ಲಿ ನಾನು ಎಷ್ಟೋ ಸಲ ಹೇಳಿ ನಗಿಸಿದ್ದೇನೆ, ಅವಳೂ ಎಲ್ಲರ ಜೊತೆ ನಕ್ಕಿದ್ದಾಳೆ.

ಇಂಥ ಅಕ್ಕೋರು ಈಗ ಎಲ್ಲರ ಗದ್ದ ಸಡಲಿಸುತ್ತ ಹೊರಟಳು. ಸುರೇಬಾನದ ಕಬಡ್ಡಿ ಹುಡುಗರು ಬಹುಮಾನ ಹಂಚಲು ಕರೆದರೆ, ಆಟಕ್ಕೆ ಮೊದಲೇ ಹೋಗಿ ಏಳೂ ಜನರನ್ನು ಅಂಗಳದಲ್ಲಿ ಅಂಗಾತ ಮಲಗಿಸಿದಳು. ಕಾಲು ಸಡಲ ಬಿಡ್ರಿ, ಕೈ ಸಡಲ ಬಿಡ್ರಿ, ಸೋತರ ಏನಾತು ಅಂತ ಮನಸಿನ್ಯಾಗ ಅನ್ರಿ ಎಂದು ಹೇಳುತ್ತ ಹೋದಳು. ಸೀಟಿ ಊದಿದಾಗ ಐದು ಜನ ಎದ್ದರು. ಉಳಿದಿಬ್ಬರನ್ನು ಎಬ್ಬಿಸಲು ನೀರು ಬೇಕಾಯಿತು. ತಂಡ ಸೋತಿತೆಂದು ಬೇರೆ ಹೇಳಬೇಕೆ? ಆದರೆ ಚಿಗವ್ವ ಪಂಚರ ಮೇಜಿನ ಬಳಿ ಹೋಗಿ, ಹುಡುಗರು ಹಿಡಿಯಲು ಹೋಗಿ ಸ್ವಲ್ಪದರಲ್ಲಿ ತಪ್ಪಿದ್ದಕ್ಕೆಲ್ಲ ಒಂದೊಂದು ಅಂಕ ಕೊಡಬೇಕೆಂದು ಪಟ್ಟು ಹಿಡಿದಳು. ಆ ಹಿರಿಯ ಪಂಚ ಅವಳ ಹಳೆಯ ವಿದ್ಯಾರ್ಥಿ. ಇಲ್ಲ ಎನ್ನುವ ಧೈರ್ಯ ಸಾಲದೆ ಚಹಾ ತರುತ್ತೇನೆಂದು ಹೋದವನು ತಿರುಗಿ ಬರಲಿಲ್ಲ.

ಹೀಗೆ ನಡೆದಿರುವಾಗ ಕೆಂಪ್ಯಾನ ಪ್ರಸಂಗ ಬಂತು. ಅವಳ ಮೆಚ್ಚಿನ ತಂಡದಲ್ಲಿ ಕೆಂಪು ಕೂದಲಿನ ಒಬ್ಬ ಹುಡುಗ. ಅವನ ಹೆಸರು ಅವಳ ನಾಲಿಗೆಗೆ ಹೊರಳದ್ದರಿಂದ ನಾಮಕರಣ ಮಾಡಿ ಕೆಂಪ್ಯಾ ಎಂದಿಟ್ಟಿದ್ದಳು. ಒಂದು ಶನಿವಾರ ಆಟ ಮುಗಿಯುವ ಹೊತ್ತಿಗೆ ಅವನ ತಂಡ ಎರಡು ಅಂಕ ಹಿಂದಿತ್ತು, ಚೆಂಡು ಅವನ ಕೈಗೇ ಬಂತು. ಒದ್ದ. ಚೆಂಡು ಪಕ್ಕಕ್ಕೆ ಹೋಯಿತು. ಒಂದು ಬಾವುಟ. ಒಂದೇ ಅಂಕದಿಂದ ಸೋತರು. ಹುಡುಗ ಹುಲ್ಲಿನ ಮೇಲೆ ಕುಸಿದು ಮುಖ ಮುಚ್ಚಿಕೊಂಡ. ಮುಂದಿನ ವಾರ ಅವನು ಆಡಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ನಾನು ಹುಡುಕಿ ನೋಡಿದರೆ, ಮನಸ್ಸಿಗೆ ವಿಶ್ರಾಂತಿ ಬೇಕೆಂದು ರಜೆ ತೆಗೆದುಕೊಂಡಿದ್ದಾನೆ ಎಂದಿತ್ತು.

ಸೋಮವಾರ ಇದನ್ನು ಫೋನಿನಲ್ಲಿ ಹೇಳಿದೆ, ಮರುದಿನವೇ ಚಿಗವ್ವ ಬಸ್ಸು ಹತ್ತಿ ಬೈಲಹೊಂಗಲಕ್ಕೆ ಬಂದಳು, ಚೀಲದಲ್ಲಿ ಒಂದು ಬಾಟಲಿ ಔಡಲೆಣ್ಣೆ, ಒಂದು ಡಬ್ಬಿ ಗುರೆಳ್ಳಿನ ಹಿಂಡಿ, ಅಂದರೆ ಚಟ್ನಿಪುಡಿ. ಎಣ್ಣೆ ಕೆಂಪ್ಯಾನ ನೆತ್ತಿಗೆ, ಹಿಂಡಿ ಅವನ ಬಾಯಿಗೆ. ಮೊದಲು ಪತ್ರ ಎಂದಳು. ಗಿರಾಕಿಗಳನ್ನು ನಿಲ್ಲಿಸಿ ನಾನು ಟೈಪು ಮಾಡಲು ಕೂತೆ. ಅವಳು ಹೇಳುತ್ತ ಹೋದಳು, ನಾನು ನನಗೆ ಬಂದ ಇಂಗ್ಲಿಷಿಗೆ ತಿರುವುತ್ತ ಹೋದೆ.

"ಕೆಂಪ್ಯಾ, ಹೊತ್ತಿಗೆ ಸರಿಯಾಗಿ ಉಣ್ಣು. ಅವತ್ತ ನಿನಗ ಸೊನ್ನಿ ಬಿದ್ದಿಲ್ಲ, ಒಂದು ಬಂದೈತಿ. ಆ ಒಂದು ಇಲ್ಲದಿದ್ರ ನಿಮ್ಮವರು ಎರಡರಿಂದ ಸೋಲ್ತಿದ್ರು. ಲೆಕ್ಕದ ಅಕ್ಕೋರು ಹೇಳಾಕ ಹತ್ತೇನಿ, ನಂಬು. ಮನಿ ಬಿಟ್ಟು ದೂರ ಹೋಗಬ್ಯಾಡ."

ಕೆಂಪ್ಯಾ ಆಡುವ ಕ್ಲಬ್ಬಿಗೆ ಇಮೇಲ್ ಕಳಿಸಿದ ಕೂಡಲೇ ಅಲ್ಲಿಂದ ಉತ್ತರ ಬಂತು. ಯಂತ್ರವೇ ತಾನಾಗಿ ಕಳಿಸುವ ಉತ್ತರ: ಸಂದೇಶ ತಲುಪಿದೆ, ಧನ್ಯವಾದ, ಈ ವರ್ಷದ ಸದಸ್ಯತ್ವ ಇನ್ನೂ ತೆರೆದಿದೆ. ಚಿಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಸದಸ್ಯಳಾಗು ಎಂದು ಕರೆದಿದ್ದಾರೆ, ಎಷ್ಟು ದೊಡ್ಡ ಮನಸ್ಸಿನ ಮಂದಿ ಎಂದಳು. ನಾನು ಚೀಲ ಎತ್ತಿಕೊಂಡು ಅವಳೊಡನೆ ಪೋಸ್ಟಾಫೀಸಿಗೆ ಹೊರಟೆ.

ಪೋಸ್ಟಾಫೀಸಿನಲ್ಲಿ ಕೌಂಟರಿನ ಹಿಂದಿದ್ದ ಅರೆನರೆತ ತಲೆಯ ಗುಮಾಸ್ತ ಅವಳನ್ನು ಕಂಡವನೇ ಎದ್ದು ನಿಂತ. ಅವನೂ ರಾಮದುರ್ಗದ ಸಾಲಿಯವನೇ. ಎಣ್ಣೆ ಕಳಿಸಲು ಬರುವುದಿಲ್ಲ ಎಂದು ನಿಂತುಕೊಂಡೇ ವಿನಯದಿಂದ ಹೇಳಿದ. ಹಿಂಡಿಯಾದರೂ ಹೋಗಲಿ ಎಂದಳು. ಅದಕ್ಕೆ ಪಡೆಯುವವರ ಪೂರ್ತಿ ಹೆಸರು ಬೇಕೆಂದ. ಚಿಗವ್ವ, ಕೆಂಪ್ಯಾ ಅಂತ ಬರಿ, ಮೂವತ್ತೊಂದನೇ ನಂಬರಿನ ಅಂಗಿ ಅಂತ ಕೆಳಗ ಹಾಕು ಎಂದಳು. ಆ ಸಂಭಾವಿತ ಬರೆಯಲು ಪೆನ್ನು ತೆಗೆದೇಬಿಟ್ಟ, ನಾನೇ ಕೈ ಹಿಡಿದು ತಡೆಯಬೇಕಾಯಿತು! ಹೊರಡುವಾಗ ಚಿಗವ್ವ ಅವನನ್ನು ಕೇಳಿದಳು:

"ನಿನಗ ಲೆಕ್ಕದಾಗ ನಾ ಎಷ್ಟ ಕೊಟ್ಟಿದ್ದೆಪಾ?"

"ಸೊನ್ನೀರಿ ಅಕ್ಕೋರ," ಅಂದ ಅವನು, ಪದವಿ ಪಡೆದವರ ಅಭಿಮಾನದಿಂದ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಚಿಗವ್ವ ನಗಲಿಲ್ಲ.

ಆ ನಗುವಿನ ಗುಂಗಿನಲ್ಲಿ ನನ್ನ ನಾಲಿಗೆ ಸುಮ್ಮನಿರಬಾರದೆ? ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಹೇಳಿಯೇಬಿಟ್ಟೆ:

"ಗುರ್ತಿಲ್ಲದ ಹುಡುಗಗ ಒಂದು ಕೊಡಾಕ ಇಷ್ಟ ಒದ್ದಾಡ್ತಿ. ಮನ್ಯಾಗ ಬೆಳದಾವಗ ಸೊನ್ನಿ ಹಾಕುವಾಗ ಈ ಶಾಣ್ಯಾತನ ಎಲ್ಲಿ ಹೋಗಿತ್ತು ಚಿಗವ್ವ?"

ಚೇಷ್ಟೆಗೆಂದೇ ಹೇಳಿದ್ದೆ, ಹಾಗೆಂದುಕೊಂಡಿದ್ದೆ. ಆದರೆ ಮಾತು ಹೊರಬಿದ್ದಾಗ ಅದರಲ್ಲಿ ಚೇಷ್ಟೆ ಇರಲಿಲ್ಲ, ನನಗೇ ಕೇಳಿಸಿತು. ಅವಳು ಚೀಲ ಎದೆಗೊತ್ತಿಕೊಂಡು ಬಸ್ಸು ಹತ್ತಿದಳು, ಕಿಟಕಿಯಿಂದ ಈ ಕಡೆ ನೋಡಲಿಲ್ಲ. ಎರಡು ವಾರ ಫೋನಿಲ್ಲ. ದಿನಕ್ಕೆ ನಾಲ್ಕು ಸಲ ಫೋನು ಮಾಡಿ ನನ್ನ ತಲೆ ತಿನ್ನುತ್ತಿದ್ದವಳು! ನಾನು ಮಾಡಿದರೆ ಕಾಕಾ ಎತ್ತಿ, ಆರಾಮ ಅದಾಳ ಎಂದು ಇಡುತ್ತಿದ್ದರು. ನನಗೆ ಊಟ ಸೇರದಾಯಿತು. ಇಷ್ಟು ವರ್ಷ ಹೇಗೋ ಉಳಿಸಿಕೊಂಡು ಬಂದ ಚಿಗವ್ವನನ್ನು ಒಂದು ಮಾತಿನಲ್ಲಿ ಕಳೆದುಕೊಂಡೆನಲ್ಲ ಎಂಬ ಹೆದರಿಕೆ.

ಮೂರನೆಯ ಶನಿವಾರ ಕೆಂಪ್ಯಾ ಮತ್ತೆ ಆಡುತ್ತಾನೆಂದು ಕಂಪ್ಯೂಟರಿನಲ್ಲಿ ಓದಿದೆ. ನೆವ ಸಿಕ್ಕಿತು. ಅಂಗಡಿಗೆ ಬೀಗ ಹಾಕಿ ಮೊದಲ ಬಸ್ಸಿಗೇ ರಾಮದುರ್ಗಕ್ಕೆ ಹೋದೆ. ಚಿಗವ್ವ ಬಾ ಎಂದಳು, ಅಷ್ಟೇ. ಮೂವರೂ ಟಿವಿಯ ಮುಂದೆ ಕೂತೆವು. ಆಟದ ನಾಲ್ಕು ಪಾಳಿಗಳಲ್ಲಿ ಮೂರನೆಯದರಲ್ಲಿ ಕೆಂಪ್ಯಾ ಹಾರಿ ಚೆಂಡು ಹಿಡಿದ. ಅರ್ಧ ನಿಮಿಷ. ಕಾಕಾ ಮುನ್ನೆಚ್ಚರಿಕೆಯಾಗಿ ಮೂಗು ಹಿಡಿದುಕೊಂಡರು. ನಾನು ಚಿಗವ್ವನ ಉಪದೇಶಕ್ಕೆ ಕಾದೆ. ಅವಳು ತುಟಿ ಬಿಚ್ಚಲಿಲ್ಲ. ಹುಡುಗ ಉಸಿರು ಬಿಟ್ಟು ಒದ್ದ. ಚೆಂಡು ಮತ್ತೆ ಪಕ್ಕಕ್ಕೇ ಹೋಯಿತು. ಪಂಚ ಒಂದು ಬಾವುಟ ಬೀಸಿದ. ಈ ಸಲ ಹುಡುಗ ಕುಸಿಯಲಿಲ್ಲ. ತಲೆ ಕೊಡವಿ, ನಕ್ಕು, ತನ್ನ ಜಾಗಕ್ಕೆ ಓಡಿದ.

"ಆ ತೊಟ್ಟಿ ಎರಡು ತಾಸಿಗೆ ತುಂಬತೈತಿ," ಅಂದಳು ಚಿಗವ್ವ.

ಯಾವ ತೊಟ್ಟಿ ಎಂದು ಕೇಳಹೊರಟವನಿಗೆ ಏಳನೆಯ ಇಯತ್ತೆಯ ಲೆಕ್ಕ ನೆನಪಾಯಿತು.

"ಆರು ಸಾಲು ಬರೋಬ್ಬರಿ ಇದ್ದೂ. ಏಳನೇದು ತಿರುವಿ ಹಾಕೂದು ಮರತಿದ್ದಿ. ಮನೀ ಹುಡುಗ ಅಂತ ಮಾರ್ಕ ಕೊಟ್ಟಾಳ ಅಂತ ಮಂದಿ ಅಂದಾರು ಅಂತ ಅಂಜಿ ಸೊನ್ನಿ ಹಾಕಿದೆ. ಪೇಪರ ಎತ್ತಿ ತೋರಿಸಿದೆ. ನೀ ಟ್ರಂಕ ಹೊತಗೊಂಡು ಹೋಗುವಾಗ ನಿಲ್ಲೋ ಅನ್ನಾಕ ಬಾಯಿ ಬರಲಿಲ್ಲ. ತಪ್ಪಿದ್ದು ನಿಂದಲ್ಲ ತಮ್ಮಾ, ನಂದು."

ಕಾಕಾ ಟಿವಿಯ ಕಡೆಯೇ ನೋಡುತ್ತ, ನೀ ಮನೆ ಬಿಟ್ಟು ಹೋದ ವರ್ಷ ಇವಳು ಕ್ಯಾಲೆಂಡರಿನ ಹಾಳೆಗಳ ಹಿಂದೆಲ್ಲ ಅದೇ ಲೆಕ್ಕ ಬಿಡಿಸಿದ್ದಳು ಎಂದರು.

ನನಗೆ ಅಳು ಬಂತು. ಮದುವೆ ಮನೆಗಳಲ್ಲಿ ಅಷ್ಟು ಜನರನ್ನು ನಗಿಸಿದ ಕಥೆಗೆ ನಾನು ಅಳುತ್ತ ಕೂತೆ. ಸಾವಿರಾರು ಹರದಾರಿ ಆಚೆಯ ಹುಡುಗರಿಗೆ ಇವಳು ಪ್ರತಿ ಶನಿವಾರ ಹೇಳುತ್ತಿದ್ದ ಮಾತೆಲ್ಲ ಯಾರಿಗೆ ಹೇಳಿದ್ದೆಂದು ಆಗ ತಿಳಿಯಿತು. ಏನಾದರೂ ಅನ್ನಬೇಕಲ್ಲ ಎಂದು, "ಹಂಗಾರ ಈಗ ಎಷ್ಟ ಕೊಡ್ತಿ?" ಅಂದೆ.

ಚಿಗವ್ವ ಎದ್ದಳು. ಕಾಕಾನ ಹೆಗಲ ಮೇಲಿದ್ದ ಬಿಳಿ ಟವೆಲು ಎಳೆದುಕೊಂಡು ನನ್ನ ಎದುರು ನೆಟ್ಟಗೆ ನಿಂತಳು. ಒಂದು ಬೆರಳು ತೋರಿಸಿದಳು. ಆಮೇಲೆ ಟವೆಲನ್ನು ಎಡದಿಂದ ಬಲಕ್ಕೆ ಒಂದು ಸಲ ಬೀಸಿದಳು.

ಸಂಜೆಯ ಬಸ್ಸಿಗೆ ಹೋಗುತ್ತೀಯಲ್ಲ ಎಂದು ಕಾಕಾ ರೂಢಿಯಂತೆ ಕೇಳಿದರು.

"ಇಲ್ಲ ಕಾಕಾ. ಇವತ್ತ ಇಲ್ಲೇ ಇರ್ತೇನಿ."

ಚಿಗವ್ವ ಒಳಗೆ ಹೋದಳು. ಡಬ್ಬಿಯಿಂದ ಅಕ್ಕಿ ಅಳೆಯುವ ಸದ್ದು ಕೇಳಿಸಿತು, ಮೂರು ಸಲ. ಕೊನೆಯ ಪಾಳಿ ಇನ್ನೂ ನಡೆದಿತ್ತು, ಯಾರೋ ಒಬ್ಬ ಹುಡುಗ ಚೆಂಡು ಹಿಡಿದು ಕಂಬಗಳ ಎದುರು ನಿಂತಿದ್ದ. ಅಷ್ಟರಲ್ಲಿ ಕುಕ್ಕರು ಸೀಟಿ ಹೊಡೆಯಿತು. ಯಾರೂ ಎದ್ದು ಆರಿಸಲಿಲ್ಲ.