ಕಿವಿ ಡಾಕ್ಟರನ ಹಳೇ ಬೈಕು

ಹಳೇ ಮೋಟಾರ್ ಬೈಕು ಇಟ್ಟುಕೊಂಡವನು ಮುಜುಗರವನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದೇ ವಿಳಾಸ ವಿಚಾರಿಸಿಕೊಂಡು ಮನೆ ಬಾಗಿಲಿಗೆ ಬರುತ್ತದೆ. ನಾನು ಚೆನ್ನೈನ ವೆಸ್ಟ್ ಮಾಂಬಲಂನಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರು. ಅಜ್ಜ ಹುಬ್ಬಳ್ಳಿಯಿಂದ ಬಂದು ಇಲ್ಲಿ ಬಟ್ಟೆ ಅಂಗಡಿ ಇಟ್ಟವರು. ನಾವು ಮನೆಯೊಳಗೆ ಇನ್ನೂ ಹುಬ್ಬಳ್ಳಿಯವರು, ಹೊಸ್ತಿಲು ದಾಟಿದರೆ ತಮಿಳರು. ಐವತ್ತು ತುಂಬಿದ ವರ್ಷ ನಾನು ನನಗಿಂತ ವಯಸ್ಸಾದ ಒಂದು ಬೈಕು ಕೊಂಡೆ. ಯಾಕೆ ಅಂತ ಹೆಂಡತಿ ಇನ್ನೂ ಕೇಳುತ್ತಿದ್ದಾಳೆ. ಅಂದಿನಿಂದ ತಲೆ ತಗ್ಗಿಸಿದ್ದು ಎಷ್ಟು ಸಲವೋ. ನಾಲ್ಕು ಜನರ ಮುಂದೆ ಹೇಳಬಹುದಾದವು ಮಾತ್ರ ಇಲ್ಲಿವೆ.

೧. ತಪಾಸಣೆ

ಬೈಕಿನ ಮಾಲೀಕರು ರಾಯಪುರಂನಲ್ಲಿದ್ದರು. ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತರಾದ ಹಿರಿಯರು. ಗಾಡಿಯ ಮೇಲಿದ್ದ ಹಳೇ ಬೆಡ್‌ಶೀಟನ್ನು ಅವರು ಎಷ್ಟು ಮೆಲ್ಲಗೆ ತೆಗೆದರೆಂದರೆ, ಒಳಗೆ ಯಾರೋ ಮಲಗಿದ್ದಾರೆ ಅನ್ನಿಸಿತು.

ನನಗೆ ಬೈಕಿನ ಬಗ್ಗೆ ಏನೂ ಗೊತ್ತಿರಲಿಲ್ಲ. ಅದು ಅವರಿಗೆ ಗೊತ್ತಾಗಬಾರದು ಅನ್ನುವುದೊಂದೇ ನನ್ನ ಚಿಂತೆ. ಬಗ್ಗಿ ಎಂಜಿನ್ನನ್ನು ಬೆರಳಿನಿಂದ ಎರಡು ಸಲ ತಟ್ಟಿದೆ. ಸುತ್ತು ಹೊಡೆದು ಇನ್ನೊಂದು ಮಗ್ಗುಲಲ್ಲೂ ತಟ್ಟಿದೆ. ಪೆಟ್ರೋಲ್ ಟ್ಯಾಂಕಿಗೆ ಕಿವಿಯಿಟ್ಟೆ. ‘ಹೂಂ’ ಅಂದೆ. ಸ್ವಲ್ಪ ಹೊತ್ತು ಬಿಟ್ಟು ‘ಹೂಂ ಹೂಂ’ ಅಂದೆ.

ಹಿರಿಯರು ಬೆಡ್‌ಶೀಟು ಮಡಚುತ್ತ ನೋಡುತ್ತಿದ್ದರು. ಆಮೇಲೆ ಕೇಳಿದರು, “ಸಾರ್ ಡಾಕ್ಟರಾ?”

“ಹೌದು! ಹೇಗೆ ಗೊತ್ತಾಯಿತು?”

“ಏನೂ ತಿಳಿಯದೆ ಹೋದಾಗ ತಟ್ಟಿ ತಟ್ಟಿ ನೋಡಿ ತಲೆ ಅಲ್ಲಾಡಿಸುವವರು ಅವರೊಬ್ಬರೇ ಸಾರ್.”

೨. ಬಾತ್‌ರೂಮು

ಆ ಬೈಕನ್ನು ಸ್ಟಾರ್ಟ್ ಮಾಡುವುದಕ್ಕೆ ಒಂದು ಕ್ರಮವಿದೆ. ಕಿಕ್ಕನ್ನು ಮೆಲ್ಲಗೆ ಒತ್ತುತ್ತ ಹ್ಯಾಂಡಲ್ ನಡುವಿನ ಮೀಟರನ್ನು ನೋಡಬೇಕು. ಸೂಜಿ ಸರಿಯಾಗಿ ಮಧ್ಯಕ್ಕೆ ಬಂದಾಗ ಒದೆಯಬೇಕು. ತಾಳ್ಮೆಗೆಟ್ಟು ಸೂಜಿ ಬರುವ ಮೊದಲೇ ಒದ್ದರೆ, ಅದು ತಿರುಗಿ ನಮ್ಮನ್ನು ಒದೆಯುತ್ತದೆ.

ಮೊದಲ ಭಾನುವಾರವೇ ಒದೆಸಿಕೊಂಡೆ. ಹಿಮ್ಮಡಿ ಊದಿ ಚಪ್ಪಲಿಯೂ ಹಿಡಿಸಲಿಲ್ಲ. ನಮ್ಮ ಬೀದಿಯ ತುದಿಯಲ್ಲಿ ಮೂಳೆ ಡಾಕ್ಟರೊಬ್ಬರಿದ್ದಾರೆ, ನನ್ನ ಜೊತೆ ಓದಿದವರು. ಐವತ್ತರ ವಯಸ್ಸಿನಲ್ಲಿ ಬೈಕಿನಿಂದ ಒದೆ ತಿಂದೆ ಅಂತ ಗೆಳೆಯನ ಮುಂದೆ ಹೇಗೆ ಹೇಳುವುದು? ಕುಂಟುತ್ತ ಹೋಗಿ, “ಬಾತ್‌ರೂಮಿನಲ್ಲಿ ಜಾರಿಬಿಟ್ಟೆ ಕಣೋ” ಅಂದೆ.

ಅವನು ಕಾಲನ್ನು ಎತ್ತಿ, ತಿರುಗಿಸಿ, ಒತ್ತಿ ನೋಡಿದ. ಮುಖದಲ್ಲಿ ಒಂದಿಷ್ಟೂ ನಗುವಿಲ್ಲ. ಚೀಟಿ ತೆಗೆದುಕೊಂಡು ಬರೆಯಲು ಶುರುಮಾಡಿ, ತಲೆಯೆತ್ತದೆಯೇ ಕೇಳಿದ, “ಬಾತ್‌ರೂಮು ಯಾವ ವರ್ಷದ ಮಾಡೆಲ್ಲು?”

೩. ಒಂದೇ ಟೇಕು

ನನ್ನ ಪೇಷಂಟೊಬ್ಬರು ಟಿ.ವಿ. ಧಾರಾವಾಹಿಗಳಿಗೆ ಸಾಮಾನು ಒದಗಿಸುವವರು. ಹಳೇ ಕಾಲದ ಕಥೆಯೊಂದಕ್ಕೆ ಹಳೇ ಬೈಕು ಬೇಕಾಗಿತ್ತು. “ನಿಮ್ಮದನ್ನು ಒಂದು ದಿನ ಕೊಡುತ್ತೀರಾ ಡಾಕ್ಟರ್?” ಅಂದರು. ನಾನು ಬೈಕಿಗಿಂತ ಬೇಗ ಸ್ಟಾರ್ಟ್ ಆದೆ.

ಮನೆಯಲ್ಲಿ ಹೇಳಿದಾಗ ಮಗಳು ಮೊಬೈಲಿನಿಂದ ಕಣ್ಣು ತೆಗೆಯದೆ, “ವೇಂಡಾಂಪ್ಪಾ” ಅಂದಳು. ಕನ್ನಡದಲ್ಲಿ ಏನು ಹೇಳಿದರೂ ತಮಿಳಿನಲ್ಲಿ ‘ಬೇಡ’ ಅನ್ನುವ ವಯಸ್ಸು ಅವಳದು. ನಾನು ಕೇಳಲಿಲ್ಲ. ಹುಬ್ಬಳ್ಳಿಯ ಚಿಕ್ಕಪ್ಪನಿಗೆ, ದಾವಣಗೆರೆಯ ಷಡ್ಡಕನಿಗೆ, ಎಲ್ಲರಿಗೂ ಫೋನ್ ಮಾಡಿ, “ನಮ್ಮ ಬೈಕು ಹೀರೋ ಓಡಿಸ್ತಾನ” ಅಂದೆ.

ಕೋಡಂಬಾಕ್ಕಂನ ಒಂದು ಹಳೇ ಬಂಗಲೆಯ ಮುಂದೆ ಶೂಟಿಂಗು. ಹೀರೋ ಸಿಟ್ಟಿನಿಂದ ಹೊರಗೆ ಬಂದು, ಒಂದೇ ಒದೆಗೆ ಬೈಕು ಸ್ಟಾರ್ಟ್ ಮಾಡಿ ವಿಲನ್ನಿನ ಹಿಂದೆ ಹೋಗಬೇಕು. ಹೀರೋ ಸಿಟ್ಟಿನಿಂದ ಬಂದ. ಒದ್ದ. ಒದ್ದ. ಒದ್ದ. ಎಂಟನೇ ಒದೆಗೆ ಅವನ ಸಿಟ್ಟು ನಿಜವಾದದ್ದಾಯಿತು. ಅಂಟಿಸಿದ್ದ ಮೀಸೆ ಬೆವರಿಗೆ ಕಿತ್ತುಬಂದು ಒಂದು ಕಡೆ ಜೋತಾಡಿತು. ಲೈಟಿನವರು, ಊಟದವರು, ಬೀದಿಯಲ್ಲಿ ಹೋಗುವವರು ಎಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ತೆಂಗಿನ ಮರವನ್ನು ನೋಡುತ್ತಿದ್ದೆ.

ಕೊನೆಗೆ ಡೈರೆಕ್ಟರು ಕಥೆ ಬರೆಯುವವನನ್ನು ಪಕ್ಕಕ್ಕೆ ಕರೆದು ಹತ್ತು ನಿಮಿಷ ಮಾತಾಡಿದರು. ಕಥೆ ಬದಲಾಯಿತು. ಹೀರೋ ಓಡಿಕೊಂಡು ಬಂದ. ನನ್ನ ಬೈಕನ್ನು ವಿಲನ್ನಿಗೆ ಕೊಟ್ಟರು. ಅವನು ಅದರಲ್ಲಿ ತಪ್ಪಿಸಿಕೊಳ್ಳಲು ಹೋಗಿ, ಆಗದೆ, ಸಿಕ್ಕಿಬೀಳಬೇಕು.

ಒಂದೇ ಟೇಕಿಗೆ ಓಕೆ ಆಯಿತು.

೪. ವಾಸನೆ

ಆಮೇಲೆ ಒಂದು ವಿಷಯ ಅರ್ಥವಾಯಿತು. ಇಂಥ ಬೈಕು ಇಟ್ಟುಕೊಂಡವನಿಗೆ ಅದರ ಕೆಲಸವೂ ಬರಬೇಕು. ದಿನಾ ಬೆಳಿಗ್ಗೆ ಪ್ಲಗ್ಗು ಬಿಚ್ಚಿ ಉಜ್ಜುವುದು, ಕಾರ್ಬುರೇಟರ್ ಬಿಚ್ಚಿ ಊದುವುದು ರೂಢಿಯಾಯಿತು. ಸೋಪು ಎಷ್ಟು ಹಾಕಿ ತೊಳೆದರೂ ಕೈಯ ವಾಸನೆ ಮಾತ್ರ ಹೋಗುತ್ತಿರಲಿಲ್ಲ.

ಒಂದು ದಿನ ಕ್ಲಿನಿಕ್ಕಿಗೆ ಒಬ್ಬ ಅಡುಗೆ ಕಂಟ್ರಾಕ್ಟರು ಬಂದರು. ಜ್ವರ ಬಂದು ಹೋದಮೇಲೆ ಮೂಗು ಸತ್ತೇ ಹೋಗಿತ್ತು. ಇಂಗು ಗೊತ್ತಾಗದು, ಒಗ್ಗರಣೆ ಸೀದರೂ ಗೊತ್ತಾಗದು. “ಮದುವೆ ಸೀಸನ್ನು ಡಾಕ್ಟರ್, ಮೂಗಿಲ್ಲದೆ ಸಾಂಬಾರು ಹೇಗೆ ಮಾಡಲಿ?” ಅಂದರು. ನನಗೆ ಪಾಪ ಅನ್ನಿಸಿತು. ಮೂಗನ್ನು ನೋಡೋಣ ಅಂತ ಕೈ ಹತ್ತಿರ ತಂದೆ.

ಆತ ಕುರ್ಚಿಯಿಂದ ಚಂಗನೆ ಎದ್ದರು. “ಡಾಕ್ಟರ್! ಪೆಟ್ರೋಲ್! ಪೆಟ್ರೋಲ್ ವಾಸನೆ ಬಂತು!” ಅಂತ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಹೊರಗೆ ಕೂತವರಿಗೆಲ್ಲ ಕೇಳಿಸುವಂತೆ, “ಇನ್ನೂ ಔಷಧಿಯನ್ನೇ ಕೊಟ್ಟಿಲ್ಲ, ಕೈ ತಂದರು ಅಷ್ಟೇ!” ಅಂದರು. ನರ್ಸಮ್ಮ ಹೆಮ್ಮೆಯಿಂದ ಬೀಗಿದರು. ನಾನು ತಲೆ ತಗ್ಗಿಸಿಕೊಂಡು ಮಾತ್ರೆ ಬರೆದುಕೊಟ್ಟೆ.

ಎರಡು ವಾರ ಬಿಟ್ಟು ಅವರು ಒಂದು ಡಬ್ಬಿ ಮೈಸೂರುಪಾಕು ತಂದರು. “ಈಗ ಎಲ್ಲಾ ವಾಸನೆಯೂ ಬರುತ್ತಿದೆ ಡಾಕ್ಟರ್” ಅಂದರು. ನಾನು ಮೂಗು ನೋಡಲು ಕೈ ಚಾಚಿದೆ. ಅವರು ಮೆಲ್ಲಗೆ ಹಿಂದಕ್ಕೆ ಸರಿದು ಹೇಳಿದರು,

“ತಪ್ಪು ತಿಳಿಯಬೇಡಿ. ಒಂದು ಸಲ ಕೈ ತೊಳೆದುಕೊಂಡು ಬರುತ್ತೀರಾ?”

೫. ಪಾಟಿಯ ಹಾಡು

ಇದನ್ನು ಬರೆಯಬೇಕೋ ಬೇಡವೋ ಅಂತ ಬಹಳ ಯೋಚಿಸಿದೆ. ನಾಚಿಕೆ ಇನ್ನೂ ಆರಿಲ್ಲ.

ಒಂದು ಸಂಜೆ ಒಬ್ಬ ಅಧಿಕಾರಿಯಂಥ ಮನುಷ್ಯ ತನ್ನ ತಾಯಿಯನ್ನು ಕರೆದುಕೊಂಡು ಬಂದ. ಎಂಬತ್ತರ ಹತ್ತಿರದ ತಮಿಳು ಪಾಟಿ, ಅಂದರೆ ಅಜ್ಜಿ. ಹಣೆತುಂಬ ವಿಭೂತಿ, ಕಣ್ಣಲ್ಲಿ ಹೆದರಿಕೆ. ಮಗ ಹೇಳಿದ, “ದಿನಾ ಬೆಳಿಗ್ಗೆ ಆರಕ್ಕೆ ಏನೋ ಶಬ್ದ ಕೇಳಿಸುತ್ತದೆ ಅನ್ನುತ್ತಾರೆ. ನಾವು ಎ.ಸಿ. ರೂಮಿನಲ್ಲಿ ಮಲಗಿರುತ್ತೇವೆ, ನಮಗೆ ಏನೂ ಕೇಳಿಸದು. ಅಮ್ಮನ ತಲೆಯಲ್ಲೇ ಏನೋ ಶುರುವಾಗಿದೆಯೋ ಅಂತ ಭಯ.”

“ಎಂಥ ಶಬ್ದ ಪಾಟಿ?”

“ದೇವಸ್ಥಾನದ ಡೋಲು, ತವಿಲು ಬಾರಿಸಿದ ಹಾಗೆ ತಂಬಿ. ಡಗ್ ಡಗ್ ಅಂದು ನಿಂತುಹೋಗುತ್ತದೆ.”

ಕಿವಿಯ ಪರೀಕ್ಷೆ ಮಾಡಿದೆ. ಕಿವಿ ಚೊಕ್ಕವಾಗಿತ್ತು. ನಾನು ಗಂಭೀರವಾಗಿ, “ವಯಸ್ಸಾದಮೇಲೆ ಕೆಲವರಿಗೆ ಇಲ್ಲದ ಶಬ್ದ ಕೇಳಿಸುತ್ತದೆ” ಅಂದೆ. ಪಾಟಿಯ ಮುಖ ಬಾಡಿತು. ಮಗ, “ನಾನು ಹೇಳಲಿಲ್ಲವಾ?” ಅಂದ.

“ಹಾಡು?” ಅಂದರು ಪಾಟಿ. “ಆ ಹಾಡೂ ಸುಳ್ಳಾ? ತವಿಲು ನಿಂತಮೇಲೆ ಒಬ್ಬರು ದೇವರನ್ನು ಎಬ್ಬಿಸುತ್ತಾರೆ. ದಿನಾ ಕೇಳಿ ಕೇಳಿ ನನಗೆ ಬಾಯಿಪಾಠವೇ ಆಗಿದೆ.” ಎರಡೂ ಕೈ ಮುಗಿದು, ಕಣ್ಣು ಮುಚ್ಚಿ, ರಾಗವಾಗಿ ಹಾಡಿದರು:

“ಏಳೂ... ಏಳೂ... ನಿನ್ನ ಹೆಣಾ ಎತ್ತಲೀ... ಏಳೂ...”

ನನ್ನ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು. ಬೈಕು ಸ್ಟಾರ್ಟ್ ಆಗದೆ ಕಾಡಿದಾಗ ನಾನು ಅದಕ್ಕೆ ಬಯ್ಯುವ ಬೈಗುಳ ಅದು! ಅಜ್ಜನಿಂದ ನನಗೆ ಉಳಿದ ಹುಬ್ಬಳ್ಳಿ ಕನ್ನಡ. ‘ಏಳು’ ತಮಿಳರಿಗೂ ಅರ್ಥವಾಗುವ ಮಾತು; ಮುಂದಿನದ್ದನ್ನು ಪಾಟಿ ಮಂತ್ರ ಅಂದುಕೊಂಡಿದ್ದರು.

“ನಿಮ್ಮ ಮನೆ ಎಲ್ಲಿ?” ಅಂದೆ.

“ಇಲ್ಲೇ, ಹಿಂದಿನ ಬೀದಿ. ಹೊಸದಾಗಿ ಬಂದೆವು” ಅಂದ ಮಗ. ನಮ್ಮ ಹಿತ್ತಿಲ ಗೋಡೆಯ ಆಚೆ.

ಒಂದು ಕ್ಷಣ ಸುಮ್ಮನಿರೋಣ ಅನ್ನಿಸಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಪಾಟಿ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ, “ನನಗೆ ಬುದ್ಧಿ ಕೆಡುತ್ತಿದೆಯಾ ತಂಬಿ?” ಅಂದರು. ಬರೆಯುತ್ತಿದ್ದ ಚೀಟಿಯನ್ನು ಹರಿದೆ. “ನಿಮ್ಮ ಬುದ್ಧಿ, ಕಿವಿ ಎರಡೂ ಸರಿಯಾಗಿವೆ. ಆ ಶಬ್ದ ನನ್ನ ಬೈಕಿನದು. ಆ ದನಿ ನನ್ನದು” ಅಂದೆ. ಮಗ ಕುರ್ಚಿಯಲ್ಲಿ ಚಿಕ್ಕವನಾದ. ಪಾಟಿಯ ಮುಖ ಅರಳಿತು. “ಬೆಳಿಗ್ಗೆ ಎದ್ದು ದೇವರನ್ನು ನೆನೆದೇ ವಂಡಿ ತೆಗೆಯುತ್ತೀಯಲ್ಲ ತಂಬಿ! ಈ ಕಾಲದಲ್ಲಿ ಯಾರಿದ್ದಾರೆ ಹೀಗೆ?” ಅಂತ ನನ್ನ ತಲೆ ಸವರಿದರು. ಅರ್ಥ ಹೇಳುವಷ್ಟು ಧೈರ್ಯ ನನಗೆ ಉಳಿದಿರಲಿಲ್ಲ.

ನವರಾತ್ರಿ ಬಂತು. ಮೂರು ತಲೆಮಾರು ಇಲ್ಲಿದ್ದು ನಮ್ಮ ಮನೆಯಲ್ಲೂ ಬೊಂಬೆ ಕೂರಿಸುತ್ತೇವೆ. ಬಂದ ಹೆಂಗಸರು ಬೊಂಬೆಗಳ ಮುಂದೆ ಒಂದು ಹಾಡು ಹೇಳಿ, ಕಡಲೆಯ ಸುಂಡಲು ತೆಗೆದುಕೊಂಡು ಹೋಗುವುದು ಈ ಊರಿನ ರೂಢಿ. ಧಾರವಾಡದ ಕಡೆಯ ನನ್ನ ಹೆಂಡತಿ ಒಂದು ದಿನ ನೆರೆಹೊರೆಯ ಕನ್ನಡದ ಹೆಂಗಸರನ್ನೆಲ್ಲ ಕರೆದಿದ್ದಳು. ಹಿಂದಿನ ಬೀದಿಯ ಪಾಟಿಯನ್ನೂ ಕರೆದಿದ್ದಳು, ನನಗೆ ಹೇಳಿರಲಿಲ್ಲ. ನಾನು ಸುಂಡಲಿನ ತಟ್ಟೆ ಹಿಡಿದು ಅಡುಗೆಮನೆಯಿಂದ ಹೊರಗೆ ಬರುವ ಹೊತ್ತಿಗೆ, “ಪಾಟಿ, ನೀವೂ ಒಂದು ಹಾಡ್ರಿ” ಅನ್ನುತ್ತಿದ್ದಳು.

“ನಿಮ್ಮದೇ ಭಾಷೆಯದು ಹಾಡುತ್ತೇನೆ” ಅಂದರು ಪಾಟಿ.

ಕೈ ಮುಗಿದರು. ಕಣ್ಣು ಮುಚ್ಚಿದರು. ಸಾಲಾಗಿ ನಿಂತ ದೇವರ ಬೊಂಬೆಗಳ ಮುಂದೆ, ಭಕ್ತಿಯಿಂದ, ಮೂರು ಸಲ ಎಳೆದೆಳೆದು ಹಾಡಿದರು. ಒಬ್ಬರ ಕೈಯಲ್ಲಿದ್ದ ಕುಂಕುಮದ ಬಟ್ಟಲು ಓರೆಯಾಯಿತು. ನನ್ನ ಹೆಂಡತಿಯ ಬಾಯಿ ಹಾಗೇ ತೆರೆದುಕೊಂಡಿತು.

ಎಲ್ಲರೂ ಭಕ್ತಿಯಲ್ಲಿ ಮೈಮರೆತಿದ್ದಾರೆ ಅಂದುಕೊಂಡ ಪಾಟಿ, ಬಾಗಿಲಲ್ಲಿ ತಟ್ಟೆ ಹಿಡಿದು ನಿಂತ ನನ್ನ ಕಡೆ ಕೈ ತೋರಿಸಿ ಹೇಳಿದರು,

“ನಾನೇನು ಹಾಡಿದೆ ಬಿಡಿ. ನಿಮ್ಮ ಯಜಮಾನರ ಬಾಯಲ್ಲಿ ಕೇಳಬೇಕು. ಹೃದಯದಿಂದ ಬರುತ್ತದೆ!”