ಅರ್ಧ ಗೇಣಿನ ಅಲೆ, ಗುಬ್ಬಿಯ ಹೋಳಿಗೆ

ಕಣ್ಣಿಗೆ ಕಾಣುವ ಸರಕು ಮಾರುವವನಿಗೆ ವರ್ಷಕ್ಕೊಂದು ತಲೆನೋವು, ಕಾಣದ್ದನ್ನು ಮಾರುವವನಿಗೆ ದಿನಕ್ಕೊಂದು. ಮರಳೂರಿನಲ್ಲಿ ನನ್ನದು ಮನೆಬಳಕೆಯ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ. ಟಿವಿ, ರೇಡಿಯೋ, ಓವನ್, ವೈಫೈ ಡಬ್ಬ, ಎಲ್ಲದರಲ್ಲೂ ಏನೋ ಒಂದು ಅಲೆ ಓಡಾಡುತ್ತದಂತೆ. ಮೂವತ್ತು ವರ್ಷದಿಂದ ಮಾರುತ್ತಿದ್ದೇನೆ, ಒಂದನ್ನೂ ಕಂಡಿಲ್ಲ. ಕಾಣದ ಮಾಲಿಗೆ ವಾರಂಟಿ ಸೀಲು ಒತ್ತುವವನ ಅಂಗಡಿಯಲ್ಲಿ ಇಂಥವು ನಡೆಯದೆ ಇನ್ನೆಲ್ಲಿ ನಡೆದಾವು?

ಮಾವನವರ ಫೋಟೋ

ಹಾಗಲವಾಡಿಯ ರೈತನೊಬ್ಬ ಹೆಂಡತಿ ಸಮೇತ ಬಂದು, ಟವೆಲಿನಲ್ಲಿ ಸುತ್ತಿದ್ದ ಟಿವಿ ರಿಮೋಟು ಬಿಚ್ಚಿಟ್ಟ.

"ಸತ್ತೋಗೈತೆ ಸಾಮಿ."

ನಾನು ಮೊಬೈಲಿನ ಕ್ಯಾಮೆರಾ ತೆರೆದು, ರಿಮೋಟಿನ ಮೂತಿಯನ್ನು ಅದರ ಕಡೆ ತಿರುಗಿಸಿ ಗುಂಡಿ ಒತ್ತಿದೆ. ಬರಿಗಣ್ಣಿಗೆ ಕಾಣದ ಬೆಳಕು ಪರದೆಯ ಮೇಲೆ ಮಿಣುಕ್ಕೆಂದಿತು.

"ನೋಡಯ್ಯ, ಜೀವ ಇದೆ. ಟಿವಿ ಮುಂದೆ ಏನಾದ್ರೂ ಇಟ್ಟಿದೀರಾ? ಇದು ಫೋನಿನ ಅಲೆ ಥರ ಗೋಡೆ ದಾಟಲ್ಲ. ಒಂದು ರಟ್ಟು ಅಡ್ಡ ಬಂದ್ರೂ ಅಲ್ಲೇ ನಿಂತ್ಕೊಳುತ್ತೆ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. "ನಮ್ಮಪ್ಪಂದು ಫೋಟೋ ಮಡಗಿದೀವಿ. ಹೋದ ತಿಂಗ್ಳು ತೀರ್ಕಂಡ್ರು" ಅಂದ ಅವನು.

ಹೆಂಡತಿ ದನಿ ತಗ್ಗಿಸಿದಳು. "ಮಾವನೋರು ಇದ್ದಾಗ್ಲೂ ಟಿವಿ ಹಾಕಕ್ಕೆ ಬುಡ್ತಿರ್ಲಿಲ್ಲ ಅಣ್ಣ. ಈಗ್ಲೂ ಬುಡ್ತಿಲ್ಲ."

ಎಕ್ಸ್‌ರೇ ಹೊಡೆದದ್ದು

ಆ ನಗು ಒಂದೇ ದಿನದ್ದು. ಮಾರನೇ ದಿನ ಗುಬ್ಬಿಯ ಹೋಳಿಗೆ ಅಮ್ಮ ಅಂಗಡಿ ಮುಂದೆ ಆಟೋ ನಿಲ್ಲಿಸಿದರು. ತೊಡೆಯ ಮೇಲೆ, ಕೂಸಿನ ಹಾಗೆ, ನಾನೇ ಮಾರಿದ್ದ ಮೈಕ್ರೋವೇವ್ ಓವನ್. ಗುಬ್ಬಿಯಲ್ಲಿ ಅವರದು ಒಂದೇ ಬಾಗಿಲಿನ ಹೋಳಿಗೆ ಅಂಗಡಿ, ಗಂಡ ಹೋದ ಮೇಲೆ ಅದೇ ಅನ್ನ. ಗಿರಾಕಿಗೆ ಬಿಸಿಬಿಸಿಯಾಗಿ ಕೊಡಲೆಂದು ಓವನ್ ಕೊಂಡಿದ್ದರು.

"ವಾಪಸ್ ತಗೊಳ್ಳಿ."

"ಕೆಟ್ಟೋಯ್ತೇನಮ್ಮ?"

"ಇದು ಕೆಟ್ಟಿಲ್ಲ, ನನ್ನ ವ್ಯಾಪಾರ ಕೆಟ್ಟಿರೋದು. ಎದುರಂಗಡಿಯೋನು ಕೆಂಡದ ಮೇಲೆ ಹೆಂಚಿಟ್ಟು ಹೋಳಿಗೆ ಬಿಸಿ ಮಾಡ್ತಾನೆ. 'ಆಯಮ್ಮ ಎಕ್ಸ್‌ರೇ ಹೊಡೆದ ಹೋಳಿಗೆ ಕೊಡ್ತಾಳೆ, ತಿಂದ್ರೆ ಮೂಳೆಗೇ ತಗಲ್ಕತದೆ' ಅಂತ ಊರಿಗೆಲ್ಲ ಸಾರ್ಕಂಡವ್ನೆ. ಬೆಳಿಗ್ಗೆ ಮಾಡಿದ್ದು ಸಂಜೆಗೆ ಹಂಗೇ ಇರ್ತದೆ. ಇನ್ನೊಂದು ತಿಂಗ್ಳು ಹಿಂಗೇ ಆದ್ರೆ ಬಾಗಿಲು ಹಾಕೋದೇ."

"ಇದು ಎಕ್ಸ್‌ರೇ ಅಲ್ಲಮ್ಮ, ಬೇರೆ ಅಲೆ."

"ಎಷ್ಟು ಬೇರೆ?"

ಗೊತ್ತಿದ್ದರಲ್ಲವೇ ಹೇಳುವುದು? "ಸುಮಾರು ಬೇರೆ" ಅಂದೆ.

"ಸಂತೆ ದಿನ ಗುಬ್ಬಿಗೆ ಬಂದು ಎಲ್ಲರ ಮುಂದೆ ಹೇಳಿ. ಅಲ್ಲಿ ತಂಕ ಇದು ಇಲ್ಲೇ ಇರ್ಲಿ."

ಹೊಸಿಲು ದಾಟುವಾಗ ಅವರು ತಮ್ಮ ಕೈಯನ್ನು ಬಿಸಿಲಿಗೆ ಹಿಡಿದು, "ನಿಮ್ಗೇನಾದ್ರೂ ಮೂಳೆ ಕಾಣ್ತದಾ?" ಅಂದರು. ನಾನೂ ಒಂದು ಗಳಿಗೆ ದಿಟ್ಟಿಸಿ ನೋಡಿದೆ ಎನ್ನುವುದು ನಿಜ.

ಯಾರ ಗೇಣು?

ನಮ್ಮ ಬೀದಿಯಲ್ಲೇ ವಿಜ್ಞಾನದ ಮೇಡಂ ಒಬ್ಬರಿದ್ದಾರೆ, ರಿಟೈರಾಗಿದ್ದಾರೆ. ಓಡಿದೆ.

"ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಗೆ ಎಷ್ಟು ದೂರವೋ ಅದೇ ಅಲೆಯ ಉದ್ದ. ಎಲ್ಲವೂ ಒಂದೇ ವಂಶ, ಉದ್ದ ಮಾತ್ರ ಬೇರೆ ಬೇರೆ" ಅಂದರು.

"ನ್ಯಾನೋಮೀಟರು ಗೀನೋಮೀಟರು ಬೇಡ ಮೇಡಂ, ಸಂತೆಯಲ್ಲಿ ಹೇಳಬೇಕು."

ಅವರು ಬೆರಳು ಮಡಿಚುತ್ತಾ ಹೋದರು. ಹಳೇ ರೇಡಿಯೋದ ಮೀಡಿಯಂ ವೇವ್, ನನ್ನ ಅಂಗಡಿಯಿಂದ ಸರ್ಕಲ್ಲಿನಷ್ಟು. ಎಫ್‌ಎಂ, ಎರಡೂ ತೋಳು ಚಾಚಿದರೆ ಒಂದು ಮಾರು, ಅಂಥ ಎರಡಕ್ಕೆ ಕೊಂಚ ಕಮ್ಮಿ. ಓವನ್ನೂ ವೈಫೈಯೂ ಅರ್ಧ ಗೇಣು. ಕೆಂಡದ ಶಾಖ ಕೂದಲೆಳೆಯ ದಪ್ಪಕ್ಕಿಂತ ಸಣ್ಣದು. ಕಣ್ಣಿಗೆ ಕಾಣುವ ಬೆಳಕು ಇನ್ನೂ ಸಣ್ಣದು. ಎಕ್ಸ್‌ರೇ ಅಂದರೆ ಪರಮಾಣುವಿನಷ್ಟು.

"ಹಂಗಾದ್ರೆ ಉದ್ದ ಇರೋದೇ ಜೋರು?"

"ಉಲ್ಟಾ. ಗಿಡ್ಡ ಆದಷ್ಟೂ ಚುರುಕು. ನೇರಳೆ ಬಣ್ಣ ದಾಟಿ ಇನ್ನೂ ಗಿಡ್ಡಗಾದ ಮೇಲೇ ಹುಷಾರಾಗಿರಬೇಕಾದ್ದು."

ತಲೆ ಗಿರ್ರೆಂದಿತು. ದೊಡ್ಡ ಟಿವಿಗೆ ದೊಡ್ಡ ಬೆಲೆ, ದೊಡ್ಡ ಫ್ರಿಜ್ಜಿಗೆ ದೊಡ್ಡ ಬೆಲೆ ಎಂದು ಬದುಕಿದವನು ನಾನು. ಕೊನೆಗೆ, ಹೂವಿನವರು ಮೊಳ ಹಾಕುವುದನ್ನು ಹತ್ತಿರದಿಂದ ಕಂಡವನಾದ್ದರಿಂದ, ಒಂದು ಅನುಮಾನ ಕೇಳಿಯೇಬಿಟ್ಟೆ: "ಅರ್ಧ ಗೇಣು ಅಂದ್ರಲ್ಲ, ಯಾರ ಗೇಣು ಮೇಡಂ?"

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ನೀವು ನನ್ನ ಕ್ಲಾಸಲ್ಲಿ ಓದಲಿಲ್ಲವಲ್ಲ, ದೇವರು ದೊಡ್ಡವನು."

ಕುಣಿಗಲ್ಲಿನ ಮೊಸರು

ಕಲಿತ ವಿದ್ಯೆ ಬಾಯಲ್ಲಿ ನಿಲ್ಲುವುದಿಲ್ಲ. ವೈಫೈ ಡಬ್ಬ ಕೊಳ್ಳಲು ಕುಣಿಗಲ್ಲಿನಿಂದ ಬಂದಿದ್ದ ಯಜಮಾನರಿಗೆ, "ಓವನ್ನಿಂದೂ ಇದರದ್ದೂ ಒಂದೇ ಅಲೆ ಸಾರ್, ಅರ್ಧ ಗೇಣು" ಎಂದು ಜಂಬ ಕೊಚ್ಚಿದೆ. ಎರಡು ದಿನಕ್ಕೆ ಅವರ ಫೋನು.

"ನೆಟ್ ಸರಿಯಾಗಿ ಬರ್ತಿಲ್ಲ ಕಣ್ರೀ."

"ಡಬ್ಬದ ಸುತ್ತ ಏನಾದ್ರೂ ಇದೆಯಾ ಸಾರ್?"

"ಏನಿಲ್ಲ. ಮೇಲೊಂದು, ಮುಂದೊಂದು ಸ್ಟೀಲ್ ಪಾತ್ರೆ. ಓವನ್ ಅಲೇನೇ ಅಂದ್ರಲ್ಲ, ಹಾಲು ಬಿಸಿಗೆ ಇಟ್ಟಿದೀವಿ. ಎರಡು ದಿನ ಆಯ್ತು."

"ಉದ್ದ ಒಂದೇ ಸಾರ್, ಕಸುವು ಬೇರೆ! ಅದು ಬೋರ್‌ವೆಲ್ಲು, ಇದು ತೊಟ್ಟಿಕ್ಕೋ ನಲ್ಲಿ. ಮೊದ್ಲು ಪಾತ್ರೆ ತೆಗೀರಿ."

ಫೋನಿನ ಹಿಂದೆ ಅವರ ಹೆಂಡತಿಯ ದನಿ ಕೇಳಿತು: "ಮುಟ್ಟಿದ್ರೆ ನೋಡಿ! ಮೊಸರು ಎಷ್ಟು ಗಟ್ಟಿಯಾಗಿ ಹೆಪ್ಪಾಗಿದೆ. ನೆಟ್ಟನ್ನ ಬೇರೆ ಕಡೆ ಇಟ್ಕಳಿ."

ಸೂಜಿ ಮತ್ತು ಒನಕೆ

ಸಂತೆ ದಿನ ಹಗ್ಗದ ಸುರುಳಿ, ಓವನ್ ಎರಡನ್ನೂ ಹೊತ್ತು ಗುಬ್ಬಿಗೆ ಹೋದೆ. ಹೋಳಿಗೆ ಅಮ್ಮ ಎರಡು ತಟ್ಟೆ ತುಂಬ ಹೋಳಿಗೆ ಜೋಡಿಸಿಕೊಂಡು, ಕೈ ಕಟ್ಟಿ ನಿಂತಿದ್ದರು. ಎದುರಂಗಡಿಯವನು ಕೆಂಡಕ್ಕೆ ಬೀಸಣಿಗೆ ಹಾಕುತ್ತಾ, "ಬನ್ನಿ ಡಾಕ್ಟ್ರೇ" ಎಂದು ಕೂಗಿದ. ಜನ ಸೇರಿದರು.

ಹಗ್ಗ ಬಿಚ್ಚಿ ಎಫ್‌ಎಂ ಅಲೆಯ ಉದ್ದ ತೋರಿಸಿದೆ. ಬೆರಳು ಅಗಲಿಸಿ ಓವನ್ನಿನ ಅರ್ಧ ಗೇಣು ತೋರಿಸಿದೆ. ಆಮೇಲೆ ಎದೆಯುಬ್ಬಿಸಿ ಹೇಳಿದೆ: "ಎಕ್ಸ್‌ರೇ ಎಲ್ಲಿ, ಓವನ್ ಎಲ್ಲಿ? ಇದರ ಅಲೆ ಅದಕ್ಕಿಂತ ನೂರು ಕೋಟಿ ಪಟ್ಟು ದೊಡ್ಡದು!"

ಹಿಂದಿನಿಂದ ಯಾರೋ, "ನೂರು ಕೋಟಿ ಪಟ್ಟಾ? ಹಂಗಾದ್ರೆ ಎಕ್ಸ್‌ರೇನೇ ವಾಸಿ ಬುಡು" ಅಂದರು. ಎದುರಂಗಡಿಯವನು ತೊಡೆ ತಟ್ಟಿ ನಕ್ಕ. ಹೋಳಿಗೆ ಅಮ್ಮ ನನ್ನನ್ನು ನೋಡಿದ ನೋಟದ ಉದ್ದ ಅಳೆಯಲು ಯಾವ ಹಗ್ಗವೂ ಸಾಲುತ್ತಿರಲಿಲ್ಲ.

ಉಳಿಸಿದ್ದು ಪಕ್ಕದಲ್ಲಿ ಸೇವಂತಿಗೆ ಮಾರುತ್ತಿದ್ದ ಅಜ್ಜಿ. "ಏನ್ಲಾ, ಸೂಜಿ ಚುಚ್ತದೋ ಒನಕೆ ಚುಚ್ತದೋ? ಸಣ್ಣದೇ ಕಣ್ಲಾ ಒಳಕ್ಕೋಗೋದು. ಅರ್ಧ ಗೇಣಿಂದು ಮೂಳೆ ಒಳಗೆ ಎಲ್ಲೋಗಿ ಕೂತ್ಕತದೆ?"

ಮೇಡಂ ಇದಕ್ಕೆ ಮಾರ್ಕು ಕೊಡುತ್ತಿದ್ದರೋ ಕಳೆಯುತ್ತಿದ್ದರೋ ಗೊತ್ತಿಲ್ಲ, ಜನ ತಲೆದೂಗಿದರು. ನಾನು ಉಸಿರು ಬಿಡುವಷ್ಟರಲ್ಲಿ ಒಬ್ಬ ಕೊಬ್ಬರಿ ದಲ್ಲಾಳಿ ಕೇಳಿದ: "ಹೆಂಚಿನ ಶಾಖಾನೂ ಅಲೆಯಾ ಸಾವ್ಕಾರ್ರೇ? ಅದೆಷ್ಟುದ್ದ?"

ಇದ್ದದ್ದು ಹೇಳಿದೆ. "ಕೂದಲೆಳೆಗಿಂತ ಸಣ್ಣ."

ಅಷ್ಟೂ ತಲೆಗಳು ಒಟ್ಟಿಗೆ ಎದುರಂಗಡಿಯ ಕಡೆ ತಿರುಗಿದವು. "ಅಂದ್ರೆ ಅದು ಸೂಜಿ ಜಾತಿ!"

"ಅಲ್ಲ ಅಲ್ಲ, ಅದರಿಂದಲೂ ಏನೂ ಆಗಲ್ಲ, ನೇರಳೆ ದಾಟಬೇಕು" ಎಂದು ಕೂಗಿದೆ. ಕೇಳುವವರು ಯಾರು? ಹೋಳಿಗೆ ಅಮ್ಮನ ತಟ್ಟೆ ಎರಡೂ ಖಾಲಿ.

ಎದುರಂಗಡಿಯವನು ಬೀಸಣಿಗೆ ಎತ್ತಿ ಅರಚಿದ: "ನಮ್ಮ ತಾತನ ಕಾಲ್ದಿಂದ ಇದೇ ಹೆಂಚು ಕಣ್ರಪ್ಪೋ!"

"ಅದ್ಕೇ ನಿಮ್ಮ ತಾತ ಈಗಿಲ್ಲ" ಅಂದ ದಲ್ಲಾಳಿ, ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು.

ಒಂದು ಗೇಣಿನದು

ವಾರ ಕಳೆಯಿತು. ಮರಳೂರಿನ ನನ್ನ ಅಂಗಡಿಗೆ ಗುಬ್ಬಿಯ ಆ ಎದುರಂಗಡಿಯವನೇ ಬಂದ. ಅತ್ತ ಇತ್ತ ನೋಡಿ, "ಓವನ್ ಬೇಕು. ಆಯಮ್ಮಂದು ಅರ್ಧ ಗೇಣಲ್ವಾ? ನಂಗೆ ಒಂದು ಗೇಣಿಂದು ಕೊಡಿ" ಅಂದ.

"ಎಲ್ಲಾ ಓವನ್ನಿಂದೂ ಅರ್ಧ ಗೇಣೇ ಕಣಯ್ಯ."

"ನೀವು ಆಯಮ್ಮನ ಕಡೆಯೋರು. ಉದ್ದಂದು ಒಳಗೆ ಮಡಗಿದೀರಿ."

ಮೂರು ಸಲ ನಿಜ ಹೇಳಿದೆ. ವ್ಯಾಪಾರದಲ್ಲಿ ಅದಕ್ಕಿಂತ ಹೆಚ್ಚು ಸಲ ನಿಜ ಹೇಳಿದರೆ ಗಿರಾಕಿಗೆ ಅನುಮಾನ ಬರುತ್ತದೆ. ಕೊನೆಗೆ ನಾನು ಸಾಲಾಗಿಟ್ಟಿದ್ದ ಓವನ್‌ಗಳ ಮೇಲೆ ಅವನೇ ಗೇಣು ಹಾಕಿ ಹಾಕಿ ಅಳೆದು, ಎಲ್ಲಕ್ಕಿಂತ ದೊಡ್ಡದನ್ನು ಅಪ್ಪಿಕೊಂಡು ಹೊರಟ. "ಆಯಮ್ಮಂಗೆ ಹೇಳ್ಬೇಡಿ" ಎಂದೂ ಅಂದ. ನಾನು ಯಾರಿಗೂ ಹೇಳಲಿಲ್ಲ.

ಎರಡೇ ದಿನ. ಅಂಗಡಿ ಮುಂದೆ ಆಟೋ ನಿಂತಿತು. ಇಳಿದವರು ಹೋಳಿಗೆ ಅಮ್ಮ, ಕಂಕುಳಲ್ಲಿ ಅದೇ ಓವನ್. ವ್ಯಾಪಾರ ಹೇಗಿದೆ ಅಂದೆ. ಹಿಟ್ಟು ಕಲಸಲು ಆಳು ಇಟ್ಟಿದ್ದಾರಂತೆ, ಮಧ್ಯಾಹ್ನಕ್ಕೇ ಎಲ್ಲ ಖಾಲಿಯಂತೆ.

"ಮತ್ತೆ ಇದನ್ನ ಯಾಕೆ ತಂದ್ರಿ?"

ಓವನ್ನನ್ನು ದಡಕ್ಕನೆ ಗಲ್ಲಾ ಮೇಲಿಟ್ಟು ಅವರು ಸೆರಗು ಸಿಕ್ಕಿಸಿಕೊಂಡರು. "ಅವನಿಗೆ ಒಂದು ಗೇಣಿಂದು ಕೊಟ್ಟಿದೀರಂತೆ, ಬೋರ್ಡ್ ಹಾಕ್ಕಂಡವ್ನೆ. ಇದು ಬ್ಯಾಡ. ನಂಗೆ ಎರಡು ಮೊಳದ್ದು ತೆಗೀರಿ."